ಸುಗರ್ರಾಮುರ್ದಿಯ ಸುತ್ತ ಕಾಲ್ನಡಿಗೆ: ಮೂರು ಗುಹೆ, ಎರಡು ಬೆಟ್ಟ, ನಿಮಗೆ ಯಾವ ದಾರಿ?

ಸ್ಪೇನ್‌ನ ನವಾರ್ರಾ ಪ್ರಾಂತ್ಯದ ಉತ್ತರದ ತುದಿಯಲ್ಲಿ, ಫ್ರಾನ್ಸ್ ಗಡಿಗೆ ಆತುಕೊಂಡಂತೆ, ಇನ್ನೂರು ಚಿಲ್ಲರೆ ಜನರಿರುವ ಒಂದು ಬಾಸ್ಕ್ ಹಳ್ಳಿ (ಗಡಿಯ ಎರಡೂ ಬದಿ ಹರಡಿರುವ, ತಮ್ಮದೇ ಭಾಷೆಯಿರುವ ಜನ ಬಾಸ್ಕರು) ಇದೆ: ಸುಗರ್ರಾಮುರ್ದಿ. ನಕ್ಷೆಯಲ್ಲಿ ಹುಡುಕುವವರು ಝಡ್ ಅಕ್ಷರದಿಂದ ಶುರುಮಾಡಿ. 'ಮಾಟಗಾತಿಯರ ಗುಹೆ' ಎಂಬ ಹೆಸರಿನಿಂದ ಊರು ಪ್ರಸಿದ್ಧ. ಬರುವವರಲ್ಲಿ ಬಹುಪಾಲು ಜನ ಕಾರು ನಿಲ್ಲಿಸಿ, ಟಿಕೆಟ್ ಕೊಂಡು, ಗುಹೆಯೊಳಗೆ ಒಂದು ಸುತ್ತು ಹಾಕಿ, ಫೋಟೋ ತೆಗೆದು, ಮುಂದಿನ ಗುಹೆಗೆ ಕಾರು ಓಡಿಸುತ್ತಾರೆ. ಸುತ್ತಲಿನ ಸಾರಾ, ಉರ್ದಸುಬಿ ಎರಡೂ ಕಡೆ ಗುಹೆಗಳಿರುವುದರಿಂದ ಒಂದೇ ದಿನದಲ್ಲಿ ಮೂರನ್ನೂ 'ಮುಗಿಸುವ' ಆಸೆ ಸಹಜ.

ಹಾಗೆ ಮಾಡಬೇಡಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಈ ಮೂರು ಊರುಗಳ ಸೊಗಸು ಗುಹೆಗಳ ಒಳಗೆ ಎಷ್ಟಿದೆಯೋ ಅವುಗಳ ನಡುವಿನ ಕಾಲುದಾರಿಗಳಲ್ಲಿ ಅದಕ್ಕಿಂತ ಹೆಚ್ಚಿದೆ. ದಿನಕ್ಕೆ ಎರಡು ಗುಹೆ, ಅವೆರಡರ ನಡುವೆ ಕಾಲ್ನಡಿಗೆ, ಅಷ್ಟು ಸಾಕು. ಇನ್ನೊಂದು ದಿನ ಕೈಯಲ್ಲಿದ್ದರೆ ಬೆಟ್ಟ. ಇನ್ನುಳಿದಿರುವುದು ಯಾವ ಗುಹೆ, ಯಾವ ದಾರಿ, ಯಾವ ಬೆಟ್ಟ ಎಂಬ ಪ್ರಶ್ನೆ.

ಮೂರು ಗುಹೆ, ಮೂರು ಸ್ವಭಾವ

ಮೂರೂ ಸುಣ್ಣಕಲ್ಲಿನ ಗುಹೆಗಳೇ. ಮೂರೂ ಒಂದು ಬೆಳಗಿನ ನಡಿಗೆಯ ಅಳತೆಯೊಳಗಿವೆ. ಆದರೆ ಒಂದನ್ನು ನೋಡಿದವರು ಇನ್ನೊಂದನ್ನು ನೋಡಿದ ಹಾಗಾಗುವುದಿಲ್ಲ.

ಸುಗರ್ರಾಮುರ್ದಿಯ ಗುಹೆ ನಿಜಕ್ಕೆ ಒಂದು ಸುರಂಗ. 'ನರಕದ ಹೊಳೆ' ಎಂದು ಊರವರು ಕರೆಯುವ ಸಣ್ಣ ತೊರೆಯೊಂದು ಬೆಟ್ಟದ ಸುಣ್ಣಕಲ್ಲನ್ನು ಕೊರೆದು ಈ ಬದಿಯಿಂದ ಆ ಬದಿಗೆ ದಾರಿ ಮಾಡಿಕೊಂಡಿದೆ. ಉದ್ದ ಸುಮಾರು 120 ಮೀಟರ್, ಎತ್ತರ ಹತ್ತು ಹನ್ನೆರಡು ಮೀಟರ್. ಎರಡೂ ಬಾಯಿ ತೆರೆದಿರುವುದರಿಂದ ಹಗಲಿನ ಬೆಳಕು ಒಳಗಿನ ತನಕ ಬರುತ್ತದೆ. ಛಾವಣಿಯಿಂದ ಇಳಿಬಿದ್ದ ಸುಣ್ಣದ ಗೊಂಚಲುಗಳನ್ನು ನಿರೀಕ್ಷಿಸಿ ಬಂದವರಿಗೆ ಇಲ್ಲಿ ನಿರಾಸೆಯಾಗುತ್ತದೆ, ಅಂಥದ್ದೇನೂ ಇಲ್ಲ. ಇರುವುದು ವಿಸ್ತಾರ. ತೊರೆ ಕೆಳಗೆ ಹರಿಯುತ್ತದೆ, ಅದರ ಸದ್ದು ಗೋಡೆಗೆ ಬಡಿದು ಇಮ್ಮಡಿಯಾಗಿ ಕೇಳುತ್ತದೆ. ಬೆಳಕು ಬೀಳುವಷ್ಟು ದೂರ ಕಲ್ಲಿನ ಮೇಲೆ ಹಸಿರು ಪಾಚಿ, ಬೆಳಕು ನಿಂತಲ್ಲಿಂದ ಬರೀ ಬೂದು ಬಣ್ಣ. ಆ ಎರಡರ ನಡುವಿನ ಗೆರೆಯನ್ನು ಬೆರಳಿಟ್ಟು ತೋರಿಸಬಹುದು. ಮುಖ್ಯ ಸುರಂಗದ ಮೇಲ್ಭಾಗದಲ್ಲಿ ಚಿಕ್ಕ ಪೊಟರೆಗಳೂ ಮೆಟ್ಟಿಲುಗಳೂ ಇವೆ. ಹೊರಗಿನ ಸುತ್ತುದಾರಿಯಲ್ಲಿ ಹಳೆಯ ಸುಣ್ಣದ ಗೂಡು, ಕಣಿವೆ ಕಾಣುವ ಕಟ್ಟೆ. ಮಾರ್ಗದರ್ಶಿಯ ಹಂಗಿಲ್ಲದೆ ನಿಮ್ಮ ಪಾಡಿಗೆ ನೀವು ಸುತ್ತಬಹುದು. ಮಕ್ಕಳಿದ್ದರೆ ಮೂರರಲ್ಲಿ ಇದೇ ಸರಿ.

ಆದರೆ ಈ ಗುಹೆಯ ಭಾರ ಬೇರೆ ಕಡೆ ಇದೆ. 1608ರ ಕೊನೆಯಲ್ಲಿ ಮಾರಿಯಾ ದೆ ಶಿಮಿಲ್ದೆಗಿ ಎಂಬ ತರುಣಿ ಗಡಿಯಾಚೆಯ ಫ್ರೆಂಚ್ ಊರಿನಲ್ಲಿ ಕೆಲವು ಕಾಲ ಇದ್ದು ಸುಗರ್ರಾಮುರ್ದಿಗೆ ಮರಳಿದಳು. ಅಲ್ಲಿ ತಾನು ಮಾಟಗಾತಿಯರ ಕೂಟ ಸೇರಿದ್ದೆ, ಈ ಊರಿನ ಇಂತಿಂಥವರನ್ನೂ ಅಂಥ ಕೂಟದಲ್ಲಿ ಕಂಡಿದ್ದೆ ಎಂದು ಹೆಸರು ಹಿಡಿದು ಹೇಳತೊಡಗಿದಳು. ಊರವರು ಇದನ್ನು ಚರ್ಚಿನಲ್ಲೇ ಬಗೆಹರಿಸಿಕೊಂಡಿದ್ದರು: ಆಪಾದಿತರು ಎಲ್ಲರೆದುರು ಒಪ್ಪಿಕೊಂಡರು, ಕ್ಷಮೆ ಕೇಳಿದರು, ನೆರೆಹೊರೆಯವರು ಕ್ಷಮಿಸಿದರು. ಅಲ್ಲಿಗೆ ಮುಗಿಯಬೇಕಿದ್ದ ಮಾತು ಲೊಗ್ರೊನ್ಯೊ ಪಟ್ಟಣದ ಧರ್ಮವಿಚಾರಣಾ ನ್ಯಾಯಾಲಯದ (ಇನ್‌ಕ್ವಿಸಿಷನ್, ಚರ್ಚಿನ ನಂಬಿಕೆಗೆ ವಿರುದ್ಧ ನಡೆದವರನ್ನು ವಿಚಾರಿಸುವ ಪೀಠ) ಕಿವಿಗೆ ಬಿತ್ತು. 1610ರ ನವೆಂಬರ್ 7 ಮತ್ತು 8ರಂದು ಸಾರ್ವಜನಿಕವಾಗಿ ತೀರ್ಪು ಓದಲಾಯಿತು. ಆರು ಜನರನ್ನು ಜೀವಂತ ಸುಟ್ಟರು. ಸೆರೆಯಲ್ಲೇ ತೀರಿಕೊಂಡಿದ್ದ ಐವರ ಪ್ರತಿಮೆಗಳನ್ನು ಸುಟ್ಟರು. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ತಪ್ಪೊಪ್ಪಿಕೊಂಡವರಲ್ಲಿ ಬಹುಪಾಲು ಜನ ಬೆಂಕಿಯಿಂದ ಪಾರಾದರು. ಬೆಂಕಿಗೆ ಹೋದವರು, ಮಾಡದ್ದನ್ನು ಮಾಡಿದೆವೆಂದು ಕೊನೆಯವರೆಗೂ ಒಪ್ಪದವರು.

ವಿಚಾರಣೆ ನಡೆಸಿದ ಮೂವರು ನ್ಯಾಯಾಧಿಕಾರಿಗಳಲ್ಲಿ ಒಬ್ಬನಾಗಿದ್ದ ಅಲೊನ್ಸೊ ದೆ ಸಲಸಾರ್ ಫ್ರಿಯಾಸ್ ಎಂಬಾತನಿಗೆ ಈ ತೀರ್ಪು ಮನಸ್ಸಿಗೆ ಒಗ್ಗಲಿಲ್ಲ. 1611ರಲ್ಲಿ ಅವನು ಈ ಬೆಟ್ಟಸೀಮೆಯನ್ನೆಲ್ಲ ತಿರುಗಿ 1,800ಕ್ಕೂ ಹೆಚ್ಚು ಜನರ ಹೇಳಿಕೆ ಪಡೆದ. ಅವರಲ್ಲಿ ಬಹುಪಾಲು ಮಕ್ಕಳು. ಒಂದಕ್ಕೂ ಸಾಕ್ಷ್ಯವಿಲ್ಲ, ಮಾಟಗಾತಿಯರ ಬಗ್ಗೆ ಮಾತಾಡಲು, ಬರೆಯಲು ಶುರುಮಾಡುವವರೆಗೆ ಇಲ್ಲಿ ಮಾಟಗಾತಿಯರೇ ಇರಲಿಲ್ಲ ಎಂಬ ನಿಲುವಿಗೆ ಬಂದ. 1614ರಲ್ಲಿ ಹೊರಟ ಹೊಸ ನಿಯಮಗಳಿಂದ ಸ್ಪೇನ್‌ನ ಧರ್ಮವಿಚಾರಣೆ ಇಂಥ ಸುಡುವಿಕೆಯನ್ನು ಹೆಚ್ಚುಕಡಿಮೆ ಕೈಬಿಟ್ಟಿತು. ಊರಿನ ಹಳೆಯ ಆಸ್ಪತ್ರೆ ಕಟ್ಟಡದಲ್ಲಿರುವ ಮಾಟಗಾತಿಯರ ವಸ್ತುಸಂಗ್ರಹಾಲಯ ಈ ಕಥೆಯನ್ನು ಗಂಭೀರವಾಗಿ ಹೇಳುತ್ತದೆ. ಅದನ್ನು ಗುಹೆಗೆ ಮುಂಚೆ ನೋಡಿ. ಅಂಗಡಿಗಳಲ್ಲಿ ತೂಗುವ ಪೊರಕೆ ಹಿಡಿದ ಗೊಂಬೆಗಳನ್ನಷ್ಟೇ ನೋಡಿ ಗುಹೆಗೆ ಇಳಿದರೆ, ಅದು ಆ ತೀರ್ಪಿಗೆ ಬಲಿಯಾದ ಮನುಷ್ಯರ ಊರಿನ ಗುಹೆ ಎಂಬುದು ಮನಸ್ಸಿಗೆ ತಟ್ಟುವುದೇ ಇಲ್ಲ.

ಉರ್ದಸುಬಿಯದು, ಸ್ಪ್ಯಾನಿಷ್ ಫಲಕಗಳಲ್ಲಿ ಉರ್ದಾಕ್ಸ್, ಮಕ್ಕಳ ಪುಸ್ತಕದ ಚಿತ್ರದಲ್ಲಿರುವಂಥ ಗುಹೆ. ಇಕಬುರು ಎಂದು ಹೆಸರು. ಇಲ್ಲಿ ಮೇಲಿನಿಂದ ಇಳಿದ, ಕೆಳಗಿನಿಂದ ಎದ್ದ ಸುಣ್ಣದ ಕಂಬಗಳಿವೆ, ದೀಪದ ಬೆಳಕಿನಲ್ಲಿ ಅವುಗಳ ತೇವ ಹೊಳೆಯುತ್ತದೆ, ನೀರಿನ ಹರಿವು ಜೊತೆಗಿದೆ. ಮಾರ್ಗದರ್ಶಿಯ ಜೊತೆಗೇ ಹೋಗಬೇಕು. ಗುಹೆಗಳ ಸೌಂದರ್ಯ ಎಂದರೆ ನಿಮಗೆ ಈ ಸುಣ್ಣದ ಶಿಲ್ಪಗಳೇ ಆಗಿದ್ದರೆ ಬೇರೆ ಯೋಚನೆ ಬೇಡ, ಇಲ್ಲಿಗೇ ಹೋಗಿ. ಗುಹೆ ಊರಿನ ನಡುವಿಲ್ಲ, ಸ್ವಲ್ಪ ಹೊರಗಿದೆ ಎಂಬುದನ್ನು ಮಾತ್ರ ನೆನಪಿಡಿ.

ಸಾರಾದ ಗುಹೆ ಗಡಿಯಾಚೆ, ಫ್ರಾನ್ಸ್‌ನಲ್ಲಿ. ಸುಣ್ಣದ ಗೊಂಚಲು ಇಲ್ಲೂ ಕಡಿಮೆ. ನೀರು ಕೊರೆದ ಅಗಲವಾದ ಮೊಗಸಾಲೆ, ಅಲ್ಲಿಂದ ಒಳಕ್ಕೆ ಸುಮಾರು 900 ಮೀಟರ್ ನಡಿಗೆ, ಜೊತೆಗೆ ಧ್ವನಿ ಬೆಳಕಿನ ಏರ್ಪಾಡು. ಅದು ಹೇಳುವುದು ಬಾಸ್ಕ್ ಜನರ ಮೂಲ, ಅವರ ಪುರಾಣ: ಬೆಟ್ಟದ ಗುಹೆಗಳಲ್ಲಿ ವಾಸಿಸುವ ದೇವಿ ಮಾರಿ, ಬಾತುಕೋಳಿಯ ಪಾದವಿರುವ, ಹೊಳೆಯ ದಡದಲ್ಲಿ ಚಿನ್ನದ ಬಾಚಣಿಗೆಯಿಂದ ತಲೆ ಬಾಚಿಕೊಳ್ಳುವ ಲಾಮಿಯಾಗಳು. ಈ ಕಥೆಗಳು ಇಂದು ನಮಗೆ ಸಿಗುವುದಕ್ಕೆ ಮುಖ್ಯ ಕಾರಣ ಹೊಸೆ ಮಿಗೆಲ್ ದೆ ಬರಂದಿಯಾರನ್ ಎಂಬ ಪಾದ್ರಿ ಹಾಗೂ ಪುರಾತತ್ವಜ್ಞ. ಸ್ಪೇನ್‌ನ ಅಂತರ್ಯುದ್ಧದಿಂದಾಗಿ ದೇಶ ಬಿಟ್ಟ ಅವರು 1940ರಿಂದ 1953ರವರೆಗೆ ಇದೇ ಸಾರಾದಲ್ಲಿ ನೆಲೆಸಿ, ಮನೆಮನೆಯ ಹಿರಿಯರಿಂದ ನಂಬಿಕೆ, ಆಚರಣೆ, ಕಥೆಗಳನ್ನು ಬರೆದುಕೊಂಡರು. ಜನಪದ ಸಂಗ್ರಹದಲ್ಲಿ ಆಸಕ್ತಿ ಇರುವ ನಮ್ಮವರಿಗೆ ಸಾರಾ ಒಂದು ತೀರ್ಥಕ್ಷೇತ್ರ ಎಂದೇ ಹೇಳುತ್ತೇನೆ. ಗುಹೆಯ ಹೊರಗೆ ಶಿಲಾಯುಗದ ಕಲ್ಲುಗೋರಿಗಳ ಪ್ರತಿಕೃತಿಗಳನ್ನೂ ನಿಲ್ಲಿಸಿದ್ದಾರೆ.

ನನ್ನ ಆಯ್ಕೆ? ಮೊದಲ ಗುಹೆ ಸುಗರ್ರಾಮುರ್ದಿಯದೇ, ಅದರಲ್ಲಿ ರಾಜಿ ಇಲ್ಲ. ಎರಡನೆಯದು ಕಣ್ಣಿಗಾದರೆ ಉರ್ದಸುಬಿ, ಕಥೆಗಾದರೆ ಸಾರಾ.

ನೀಲಿ ಕುದುರೆಯ ದಾರಿ: ಯಾವ ಕಡೆಯಿಂದ?

ಮೂರು ಗುಹೆಗಳನ್ನು ಜೋಡಿಸುವ ಕಾಲುದಾರಿಯೊಂದಿದೆ. ಕಂಬಗಳ ಮೇಲೆ, ಬಂಡೆಗಳ ಮೇಲೆ ಬರೆದ ಪುಟ್ಟ ನೀಲಿ ಕುದುರೆಯೇ ಅದರ ಗುರುತು. ಈ ಸೀಮೆಯ ಪೊಟ್ಟೊಕ್ ತಳಿಯ ಗಿಡ್ಡ ಕುದುರೆಯ ಚಿತ್ರ ಅದು. ಸಾರಾ, ಐನ್ಹೊವಾ, ಸುಗರ್ರಾಮುರ್ದಿ, ಉರ್ದಸುಬಿ ಈ ನಾಲ್ಕೂ ಊರುಗಳು ಎರಡು ದೇಶಗಳಲ್ಲಿ ಹಂಚಿಹೋಗಿದ್ದರೂ 'ಶರೆತಾ' ಎಂಬ ಹೆಸರಿನಲ್ಲಿ ಕೈಜೋಡಿಸಿವೆ. ಕುದುರೆ ಕಾಣುವವರೆಗೆ ಸರಿ ದಾರಿಯಲ್ಲಿದ್ದೀರಿ. ಕವಲಿನಲ್ಲಿ ಕಾಣದಿದ್ದರೆ ಹಿಂದಿನ ಗುರುತಿಗೆ ಮರಳಿ ನೋಡುವುದು ಒಳ್ಳೆಯದು, ಏಕೆಂದರೆ ಹೊಲಮನೆಗಳಿಗೆ ಹೋಗುವ ದಾರಿಗಳು ಇಲ್ಲಿ ತುಂಬ ಇವೆ.

ಸಾರಾ ಗುಹೆಯಿಂದ ಸುಗರ್ರಾಮುರ್ದಿಗೆ ಸುಮಾರು 3 ಕಿ.ಮೀ., ನಿಧಾನ ನಡೆದರೆ ಒಂದು ಗಂಟೆ. ಸುಗರ್ರಾಮುರ್ದಿಯಿಂದ ಉರ್ದಸುಬಿ ಗುಹೆಗೆ ಅದಕ್ಕಿಂತ ತುಸು ಹೆಚ್ಚು. ಎರಡರಲ್ಲೂ ಏರಿಳಿತವಿದೆ, ಆದರೆ ಎದೆ ಹಿಡಿಯುವಂಥ ಏರು ಇಲ್ಲ. ದಿನವೂ ಒಂದಿಷ್ಟು ನಡೆಯುವ ಅಭ್ಯಾಸವಿರುವ ಅರವತ್ತು ದಾಟಿದ ತಂದೆತಾಯಿಯರನ್ನೂ ಕರೆದೊಯ್ಯಬಹುದು. ತಳ್ಳುಗಾಡಿಯಲ್ಲಿ ಕೂರಿಸಿದ ಮಗು ಮಾತ್ರ ಆಗದು. ಬೆನ್ನಿಗೆ ಕಟ್ಟಿಕೊಳ್ಳುವ ಚೀಲ ಬೇಕು.

ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಸಾರಾ ಕಡೆಯ ತುಂಡನ್ನು ಆರಿಸುತ್ತೇನೆ. ಓಕ್ ಮತ್ತು ಚೆಸ್ಟ್‌ನಟ್ ಮರಗಳ ನೆರಳು, ನಡುವೆ ತೆರೆದ ಹುಲ್ಲುಗಾವಲು, ಕಪ್ಪು ಮುಖದ ಕುರಿಗಳ ಕೊರಳಗಂಟೆ. ಸಾರಾ ಸುತ್ತ ಹೊಲದ ಬೇಲಿಗೆ ಮುಳ್ಳುತಂತಿಗಿಂತ ಮೊದಲು ಬಂದದ್ದು ಚಪ್ಪಡಿ ಕಲ್ಲು: ಸೊಂಟದೆತ್ತರದ ಹಾಸುಗಲ್ಲುಗಳನ್ನು ಒಂದರ ಪಕ್ಕ ಒಂದು ನೆಲಕ್ಕೆ ಹೂತು ನಿಲ್ಲಿಸಿದ್ದಾರೆ, ಅವುಗಳ ನೆತ್ತಿಯಲ್ಲಿ ಬಿಳಿ ಮತ್ತು ಕಿತ್ತಳೆ ಬಣ್ಣದ ಕಲ್ಲುಹೂ ಹಬ್ಬಿದೆ. ದಾರಿಬದಿಯಲ್ಲಿ ಅಲ್ಲಲ್ಲಿ ಪುಟ್ಟ ಪ್ರಾರ್ಥನಾ ಗುಡಿಗಳು. ಇಂಥವು ಸಾರಾ ಊರಿನ ಸುತ್ತ ಹತ್ತಕ್ಕೂ ಹೆಚ್ಚಿವೆ.

ದೇಶ ಬದಲಾಗುವುದು ಗೊತ್ತೇ ಆಗುವುದಿಲ್ಲ. ಗೇಟಿಲ್ಲ, ಕಾವಲಿಲ್ಲ. ಸ್ಪೇನ್ ಫ್ರಾನ್ಸ್ ಗಡಿಯುದ್ದಕ್ಕೂ ಸಮುದ್ರದಿಂದ ಸಮುದ್ರಕ್ಕೆ ಸಂಖ್ಯೆ ಕೊರೆದ 602 ಗಡಿಕಲ್ಲುಗಳ ಸಾಲಿದೆ. ಪಶ್ಚಿಮದಿಂದ ಎಣಿಕೆ ಶುರುವಾಗುವುದರಿಂದ ಈ ಕಡೆ ಸಣ್ಣ ಸಂಖ್ಯೆಗಳು ಸಿಗುತ್ತವೆ. ಎರಡನೇ ಮಹಾಯುದ್ಧದ ಕಾಲದಲ್ಲೂ ಅದಕ್ಕೆ ಹಿಂದೆ ಮುಂದೆಯೂ ಇವೇ ದಾರಿಗಳಲ್ಲಿ ಜನ ರಾತ್ರಿ ಹೊತ್ತು ಸರಕು ಸಾಗಿಸಿದ್ದಾರೆ. ಕಳ್ಳಸಾಗಣೆಯನ್ನು ಊರವರು 'ರಾತ್ರಿ ಕೆಲಸ' ಎಂದು ಕರೆಯುತ್ತಿದ್ದರು, ಅದರಲ್ಲಿ ಸಾರಾ ಹೆಸರುವಾಸಿ. ನಮಗೆ ಬೇಕಾದ್ದು ಒಂದೇ: ಷೆಂಗೆನ್ ವೀಸಾ ಎರಡೂ ಕಡೆ ನಡೆಯುತ್ತದೆ, ಆದರೆ ಪಾಸ್‌ಪೋರ್ಟ್ ಚೀಲದಲ್ಲಿರಲಿ. ರಸ್ತೆಯ ಗಡಿಗಳಲ್ಲಿ ಆಗಾಗ ತಪಾಸಣೆ ಇರುತ್ತದೆ, ವಾಪಸ್ ಬಸ್ಸಿನಲ್ಲೋ ಟ್ಯಾಕ್ಸಿಯಲ್ಲೋ ಬರುವಾಗ ಬೇಕಾಗಬಹುದು.

ನಡೆಯುವ ದಿಕ್ಕೂ ಮುಖ್ಯ. ಸಾರಾ ಗುಹೆಯಲ್ಲಿ ಬೆಳಗಿನ ಮೊದಲ ಪ್ರವೇಶ ಮುಗಿಸಿ ಸುಗರ್ರಾಮುರ್ದಿಯ ಕಡೆಗೆ ನಡೆಯುವುದು ಮೇಲು. ಮೊದಲು ಪುರಾಣ, ಆಮೇಲೆ ಚರಿತ್ರೆ. ಮಾರಿಯೂ ಲಾಮಿಯಾಗಳೂ ಜನರ ನಂಬಿಕೆಯಲ್ಲಿ ಎಷ್ಟು ಸಲೀಸಾಗಿ ಬಾಳಿಕೊಂಡಿದ್ದವು ಎಂಬುದನ್ನು ಕೇಳಿ, ಅಂಥದೇ ನಂಬಿಕೆಗಳ ಮೇಲೆ ಆಪಾದನೆ ಹೊರಿಸಿದ ಊರಿಗೆ ಕಾಲ್ನಡಿಗೆಯಲ್ಲಿ ಬರುತ್ತೀರಿ. ಶಿಮಿಲ್ದೆಗಿ ತನ್ನ ಮಾತುಗಳನ್ನು ಹೊತ್ತು ತಂದದ್ದೂ ಫ್ರಾನ್ಸ್‌ನಿಂದ ಸ್ಪೇನ್ ಕಡೆಗೇ. ಮಧ್ಯಾಹ್ನದ ಊಟಕ್ಕೆ ಹೋಟೆಲುಗಳಿರುವ ಊರು ಸಿಗುವುದೂ ಈ ದಿಕ್ಕಿನಲ್ಲೇ. ತಿಂದು, ವಸ್ತುಸಂಗ್ರಹಾಲಯ, ಗುಹೆ ನೋಡಿ, ಅದೇ ದಾರಿಯಲ್ಲಿ ಮರಳಿದರೆ ಒಂದು ತುಂಬಿದ ದಿನ. ನೆನಪಿರಲಿ, ಸಾರಾ ಗುಹೆ ಸಾರಾ ಊರಿನಿಂದ ರಸ್ತೆಯಲ್ಲಿ ಸುಮಾರು 6 ಕಿ.ಮೀ. ದೂರ. ಊರಿನಿಂದಲೇ ನಡೆದು ಹೊರಡುವವರಿಗೆ ನಡಿಗೆ ಗಣನೀಯವಾಗಿ ಉದ್ದವಾಗುತ್ತದೆ.

ಉರ್ದಸುಬಿ ಕಡೆಯ ತುಂಡಿನಲ್ಲಿ ಇಳಿಜಾರು ಹೆಚ್ಚು, ನೋಟ ತೆರೆದದ್ದು, ಬಿಸಿಲು ಜಾಸ್ತಿ. ಅದರ ಕೊನೆಯಲ್ಲಿ ಸಿಗುವ ಊರಿಗೆ ತನ್ನದೇ ಘನತೆ ಇದೆ: ಸಾನ್ ಸಾಲ್ವಡೋರ್ ಮಠ, ಅದರ ಹಳೆಯ ನೀರುಗಿರಣಿ, ಬಯೋನ್‌ನಿಂದ ಪಾಂಪ್ಲೋನಾಗೆ ಹೋಗುವ ಯಾತ್ರಿಕರ ಹಳೆಯ ದಾರಿ. ಬಾಸ್ಕ್ ಗದ್ಯದ ಹಿರಿಯ ಹೆಸರಾದ ಪೆದ್ರೊ ಅಗೆರ್ರೆ, ಜನ ಕರೆಯುವುದು ಅಶುಲಾರ್ ಎಂದು, 1556ರಲ್ಲಿ ಹುಟ್ಟಿದ್ದು ಉರ್ದಸುಬಿಯಲ್ಲಿ. ಪಾದ್ರಿಯಾಗಿ ಬಾಳಿ 1644ರಲ್ಲಿ ತೀರಿಕೊಂಡದ್ದು ಸಾರಾದಲ್ಲಿ. ನೀಲಿ ಕುದುರೆಯ ದಾರಿಯ ಎರಡು ತುದಿಗಳೇ ಅವರ ಬದುಕಿನ ಎರಡು ತುದಿಗಳು. ಅವರ ಬಗ್ಗೆ ಜನ ಹೇಳುವ ಕಥೆ ಗುಹೆಯದೇ: ದೆವ್ವ ಒಂದು ಗುಹೆಯಲ್ಲಿ ಶಾಲೆ ನಡೆಸುತ್ತಿದ್ದ, ಕೊನೆಗೆ ಹೊರಬರುವ ವಿದ್ಯಾರ್ಥಿ ಅವನ ಪಾಲು. ಅಶುಲಾರ್ ತಾನು ಜಿಗಿದು ಹೊರಬಂದು, ಹಿಂದೆ ಬರುತ್ತಿದ್ದ ತನ್ನ ನೆರಳನ್ನು ದೆವ್ವನಿಗೆ ಬಿಟ್ಟುಕೊಟ್ಟರಂತೆ. ಅಂದಿನಿಂದ ಅವರಿಗೆ ನೆರಳೇ ಇರಲಿಲ್ಲವಂತೆ.

ಬೆಟ್ಟ ಬೇಕೆನ್ನುವವರಿಗೆ: ಲಾರ್ರುನ್ ಅಥವಾ ಅಚೂರಿಯಾ

ಲಾರ್ರುನ್, ಫ್ರೆಂಚರ ಬಾಯಲ್ಲಿ ಲಾ ರೂನ್, 905 ಮೀಟರ್. ಅಂಕಿಯಲ್ಲಿ ದೊಡ್ಡದಲ್ಲ, ಆದರೆ ಹತ್ತಿರದಲ್ಲೇ ಕಡಲು ಇರುವುದರಿಂದ ಬುಡದಿಂದ ತುದಿಯವರೆಗಿನ ಎತ್ತರವೆಲ್ಲ ಕಣ್ಣಿಗೆ ಕಾಣುತ್ತದೆ. ತುದಿಯಲ್ಲಿ ನಿಂತರೆ ಒಂದು ಕಡೆ ಬಿಸ್ಕೇ ಕೊಲ್ಲಿಯ ತೀರ, ಇನ್ನೊಂದು ಕಡೆ ಪೂರ್ವಕ್ಕೆ ಏರುತ್ತ ಹೋಗುವ ಪಿರೆನೀಸ್ ಸಾಲು. ಸಾರಾ ಹತ್ತಿರದ ಸಾಂತ್-ಇನ್ಯಾಸ್ ಕಣಿವೆದ್ವಾರದಿಂದ ಹಲ್ಲುಹಳಿಯ ರೈಲು 1924ರಿಂದ ಓಡುತ್ತಿದೆ. 4.2 ಕಿ.ಮೀ. ದಾರಿ, ಸುಮಾರು 35 ನಿಮಿಷ, ತೆರೆದ ಮರದ ಡಬ್ಬಿಗಳು. ಚಳಿಗಾಲದಲ್ಲಿ ಓಡುವುದಿಲ್ಲ, ಗಾಳಿ ಜೋರಾದರೂ ನಿಲ್ಲುತ್ತದೆ. ನಡೆದು ಹತ್ತಲು ಎರಡರಿಂದ ಎರಡೂವರೆ ಗಂಟೆ. 700 ಮೀಟರಿಗೂ ಮೀರಿದ ಏರು, ಕಲ್ಲುಕಲ್ಲಿನ ದಾರಿ.

ಜನಸಂದಣಿಯೇ ಲಾರ್ರುನ್‌ನ ಕೊರತೆ. ಆಗಸ್ಟ್‌ನಲ್ಲಿ ರೈಲಿಗೆ ಸಾಲು, ತುದಿಯಲ್ಲಿ ಅಂಗಡಿಗಳು, ದೂರದರ್ಶನದ ಗೋಪುರ. ಆದರೂ ಮೊದಲ ಸಲ ಈ ಸೀಮೆಗೆ ಬರುವವರಿಗೆ ನಾನು ಇದನ್ನೇ ಹೇಳುತ್ತೇನೆ, ಒಂದು ಷರತ್ತಿನ ಮೇಲೆ: ರೈಲಿನಲ್ಲಿ ಹತ್ತಿ, ಕಾಲಲ್ಲಿ ಇಳಿಯಿರಿ. ಇಳಿಯುವಾಗ ಕೆಲವೇ ನಿಮಿಷಗಳಲ್ಲಿ ಗದ್ದಲ ಹಿಂದೆ ಉಳಿಯುತ್ತದೆ. ನೀಲಿ ಚಿತ್ರದಲ್ಲಿ ಕಂಡ ಪೊಟ್ಟೊಕ್ ಕುದುರೆಗಳು ಇಲ್ಲಿ ಮೈಕೈ ತುಂಬಿಕೊಂಡು ಮೇಯುತ್ತಿರುತ್ತವೆ, ಹೊಟ್ಟೆ ಉಬ್ಬಿದ ಗಿಡ್ಡ ಮೈ, ಕಣ್ಣು ಮುಚ್ಚುವಷ್ಟು ಕೇಸರ. ಮುಟ್ಟಲು, ತಿನ್ನಿಸಲು ಹೋಗಬೇಡಿ. ಒಡೆಯರಿರುವ ಪ್ರಾಣಿಗಳಾದರೂ ಮನುಷ್ಯರ ಕೈಗೆ ಒಗ್ಗಿದವಲ್ಲ. ತಲೆಯ ಮೇಲೆ ರಣಹದ್ದುಗಳ ಸುತ್ತು ಇದ್ದೇ ಇರುತ್ತದೆ. ಮೊಣಕಾಲು ನೋವಿರುವವರು ಈ ಸಲಹೆಯನ್ನು ತಿರುವುಮುರುವು ಮಾಡಿಕೊಳ್ಳಿ: ಈ ದಾರಿಯ ಕಲ್ಲುಗಳು ಏರುವಾಗ ಅಷ್ಟು ಕಾಡುವುದಿಲ್ಲ, ಇಳಿಯುವಾಗ ಕಾಡುತ್ತವೆ.

ಅಚೂರಿಯಾ, ಸ್ಪ್ಯಾನಿಷ್‌ನಲ್ಲಿ ಪೆನ್ಯಾ ಪ್ಲಾತಾ, 756 ಮೀಟರ್. ಸುಗರ್ರಾಮುರ್ದಿಯ ಬೆನ್ನಿಗೇ ನಿಂತ ಬೆಟ್ಟ, ಊರಿನಿಂದಲೇ ನಡೆದು ಹೊರಡಬಹುದು. ಗಡಿರೇಖೆ ಅದರ ಮೇಲೆಯೇ ಹಾದುಹೋಗುತ್ತದೆ. ರೈಲಿಲ್ಲ, ಅಂಗಡಿಯಿಲ್ಲ, ಕೊನೆಯ ಏರು ಕಡಿದು. 1876ರಲ್ಲಿ, ಸ್ಪೇನ್‌ನ ಸಿಂಹಾಸನಕ್ಕಾಗಿ ನಡೆದ ಕಾರ್ಲಿಸ್ಟ್ ಯುದ್ಧದ ಕೊನೆಯ ದಿನಗಳಲ್ಲಿ, ಇಲ್ಲಿ ಕಾಳಗ ನಡೆದಿತ್ತು. ಈಗ ಕುರಿಗಳ ರಾಜ್ಯ. ಹೋಗಿ ಬರಲು ಅರ್ಧ ದಿನ ಇಟ್ಟುಕೊಳ್ಳಿ. ಗುರುತುಗಳು ನೀಲಿ ಕುದುರೆಯಷ್ಟು ಧಾರಾಳವಾಗಿಲ್ಲ. ಫೋನಿನಲ್ಲಿ ನಕ್ಷೆ ಇಳಿಸಿಕೊಂಡು ಹೋಗುವುದು ಕಡ್ಡಾಯ ಎಂದೇ ತಿಳಿಯಿರಿ, ಮಂಜು ಮುಸುಕಿದ ದಿನ ಹೋಗಲೇಬೇಡಿ. ಮೋಡವಿಲ್ಲದ ದಿನ ಸಿಕ್ಕರೆ, ಎರಡನೇ ಸಲ ಬಂದವರಿಗೆ ನನ್ನ ಮೆಚ್ಚಿನ ಆಯ್ಕೆ ಇದು: ಎದುರಿಗೇ ಲಾರ್ರುನ್ ಇಡಿಯಾಗಿ ಕಾಣುತ್ತದೆ, ಅದರಾಚೆ ಸಮುದ್ರದ ತುಣುಕು, ಕೆಳಗೆ ಬಿಳಿ ಗೋಡೆ ಕೆಂಪು ಕಿಟಕಿಯ ಮನೆಗಳು.

ಉದ್ದ ನಡಿಗೆಯ ಹುಚ್ಚಿರುವವರಿಗೆ ಒಂದು ಮಾತು. ಪಿರೆನೀಸ್ ಪೂರ್ತಿ ದಾಟುವ ಎರಡು ದೊಡ್ಡ ಹಾದಿಗಳೂ ಇಲ್ಲಿಯೇ ಹಾದುಹೋಗುತ್ತವೆ: ಫ್ರಾನ್ಸ್ ಬದಿಯ ಜಿಆರ್ 10 ಸಾರಾ, ಐನ್ಹೊವಾ ಮೂಲಕ, ಸ್ಪೇನ್ ಬದಿಯ ಜಿಆರ್ 11 ಲಿಸಾರ್ರಿಯೆತಾ ಕಣಿವೆದ್ವಾರದ ಮೂಲಕ. ಬಿಳಿ ಕೆಂಪು ಪಟ್ಟೆ ಕಂಡರೆ ಅದು ಅವುಗಳ ಗುರುತು, ನಮ್ಮ ಕುದುರೆಯದಲ್ಲ.

ಕಾಲ, ಕಾಲಿಗೆ ಹಾಕುವುದು, ಹೊಟ್ಟೆ

ಇಷ್ಟೊಂದು ಹಸಿರು ಸುಮ್ಮನೆ ಬಂದದ್ದಲ್ಲ. ಅಟ್ಲಾಂಟಿಕ್‌ನ ಮೋಡಗಳು ಬಂದು ಬಡಿಯುವ ಮೊದಲ ಬೆಟ್ಟಗಳಿವು, ವರ್ಷದ ಯಾವ ತಿಂಗಳಲ್ಲೂ ಮಳೆ ಬರಬಹುದು. ಮೇ, ಜೂನ್, ಸೆಪ್ಟೆಂಬರ್ ಉತ್ತಮ. ಅಕ್ಟೋಬರ್‌ನಲ್ಲಿ ಬೆಟ್ಟವೆಲ್ಲ ಒಣಗಿದ ಜರೀಗಿಡದ ಕಂದುಗೆಂಪು. ದಕ್ಷಿಣದ ಬೆಚ್ಚಗಿನ ಗಾಳಿ ಬೀಸುವ ದಿನಗಳಲ್ಲಿ ದೂರದ ಬೆಟ್ಟಗಳೂ ಕೈಗೆಟುಕುವಂತೆ ಕಾಣುತ್ತವೆ. ಬೆಟ್ಟ ಹತ್ತಲು ಆ ದಿನವನ್ನೇ ಹಿಡಿಯಿರಿ, ರೈಲು ನಿಂತಿದ್ದರೂ ಸರಿ. ಆದರೆ ಅಕ್ಟೋಬರ್, ನವೆಂಬರ್ ಕಾಡುಪಾರಿವಾಳಗಳು ದಕ್ಷಿಣಕ್ಕೆ ಹಾರುವ ಕಾಲ. ಸಾರಾ ಮತ್ತು ಎಚಲಾರ್ ಊರುಗಳವರು ಬೆಟ್ಟದ ಕಣಿವೆಗಳಲ್ಲಿ ದೊಡ್ಡ ಬಲೆ ಕಟ್ಟಿ ಅವುಗಳನ್ನು ಹಿಡಿಯುವ ಪದ್ಧತಿ ಬಹಳ ಹಳೆಯದು, ಕೋವಿ ಹಿಡಿದವರೂ ಇರುತ್ತಾರೆ. ಆ ತಿಂಗಳುಗಳಲ್ಲಿ ಎತ್ತರದ ದಾರಿಗಳಿಗೆ ಎದ್ದುಕಾಣುವ ಬಣ್ಣದ ಬಟ್ಟೆ ತೊಟ್ಟು ಹೋಗಿ, ದಾರಿ ಬಿಟ್ಟು ಪೊದೆಗೆ ಇಳಿಯಬೇಡಿ. ಕಣಿವೆಯ ನೀಲಿ ಕುದುರೆಯ ದಾರಿಗೆ ಈ ತೊಂದರೆ ಕಡಿಮೆ.

ಒದ್ದೆ ಸುಣ್ಣಕಲ್ಲು ಸೋಪು ಹಚ್ಚಿದಂತೆ ಜಾರುತ್ತದೆ. ಗುಹೆಯೊಳಗೂ ಅಷ್ಟೇ. ಹಿಡಿತವಿರುವ ಬೂಟು ಬೇಕು, ಊರು ಸುತ್ತುವ ಬಿಳಿ ಶೂ ಅಲ್ಲ. ಹೊರಗೆ ಎಷ್ಟೇ ಸೆಕೆಯಿದ್ದರೂ ಸಾರಾ, ಉರ್ದಸುಬಿ ಗುಹೆಗಳ ಒಳಗೆ ವರ್ಷವಿಡೀ ಸುಮಾರು 14 ಡಿಗ್ರಿ, ಬೆವತು ಬಂದವರಿಗೆ ಒಂದು ಸ್ವೆಟರ್ ಬೇಕೇ ಬೇಕು. ಮಲೆನಾಡಿನವರು ಕಾಲಿಗೆ ಜಿಗಣೆ ಹುಡುಕುವುದು ಬೇಡ. ಆದರೆ ಜರೀಗಿಡಗಳ ನಡುವೆ ಉಣುಗು ಇದೆ. ಮಂಗನ ಕಾಯಿಲೆ ಕಂಡ ನಾಡಿನವರಿಗೆ ಉಣುಗಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಲ್ಲಿ ಅದು ಹರಡುವುದು ಲೈಮ್ ಕಾಯಿಲೆಯನ್ನು. ಉದ್ದ ಪ್ಯಾಂಟು ಹಾಕಿ, ಸಂಜೆ ಮೈ ನೋಡಿಕೊಳ್ಳಿ. ಹೊಲದ ಗೇಟು ತೆರೆದರೆ ಮರಳಿ ಮುಚ್ಚಿ, ಅಲ್ಲಿ ಮೇಯುವ ಕುರಿಗಳೇ ಆ ಮನೆಯ ಬದುಕು. ತುರ್ತು ಕರೆಗೆ ಎರಡೂ ದೇಶದಲ್ಲಿ 112.

ಊಟದಲ್ಲಿ ಸಸ್ಯಾಹಾರಿಗಳು ಸ್ವಲ್ಪ ಯೋಚಿಸಿ ಹೊರಡಬೇಕು. ಕುರಿಹಾಲಿನ ಚೀಸ್ ಎಲ್ಲೆಡೆ ಸಿಗುತ್ತದೆ, ಅದನ್ನು ಕಪ್ಪು ಚೆರ್ರಿಯ ಜಾಮ್ ಜೊತೆ ತಿನ್ನುವುದು ಇಲ್ಲಿನ ರೂಢಿ, ಬಲು ರುಚಿ. ಮೆಕ್ಕೆಜೋಳದ ಹಿಟ್ಟಿನ ತಾಲೊ ರೊಟ್ಟಿ ಸಿಕ್ಕರೆ ಬಿಡಬೇಡಿ, ಚೀಸ್ ಹಾಕಿ ಕೊಡಿ ಎಂದು ಕೇಳಿ. ಕೇಳದಿದ್ದರೆ ಸಾಮಾನ್ಯವಾಗಿ ಮಾಂಸ ಬರುತ್ತದೆ. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆಯ ತೊರ್ತಿಯಾ ಇದೆ. ಸಾರಾದಲ್ಲಿ ಬಾಸ್ಕ್ ಕೇಕಿಗೆ ಒಂದು ವಸ್ತುಸಂಗ್ರಹಾಲಯವೇ ಇದೆ. ಇವಾವುದರಲ್ಲೂ ನಂಬಿಕೆ ಬಾರದಿದ್ದರೆ ಬೆಳಿಗ್ಗೆಯೇ ಬ್ರೆಡ್ಡು, ಹಣ್ಣು ಕಟ್ಟಿಕೊಳ್ಳಿ, ದಾರಿಯ ನಡುವೆ ಅಂಗಡಿಗಳಿಲ್ಲ.

ಹೋಗುವುದು ಹೇಗೆ, ಯಾರು ಯಾವುದನ್ನು

ಕಾರಿಲ್ಲದವರಿಗೆ ಫ್ರಾನ್ಸ್ ಕಡೆಯೇ ಸುಲಭ. ಪ್ಯಾರಿಸ್‌ನ ವೇಗದ ರೈಲು ಸಾಂ-ಜಾನ್-ದ-ಲೂಜ್‌ನಲ್ಲಿ ನಿಲ್ಲುತ್ತದೆ, ಅಲ್ಲಿಂದ ಸಾಂತ್-ಇನ್ಯಾಸ್ ಮೂಲಕ ಸಾರಾಗೆ ಬಸ್ಸಿದೆ. ಸುಗರ್ರಾಮುರ್ದಿಗೆ ಸ್ಪೇನ್ ಕಡೆಯಿಂದ ಬರುವವರು ಪಾಂಪ್ಲೋನಾದಿಂದ ಬಸ್ತಾನ್ ಕಣಿವೆ ದಾಟಿ ಬರಬೇಕು. ಸುಮಾರು 80 ಕಿ.ಮೀ., ಬಸ್ಸುಗಳು ವಿರಳ, ಕಾರು ಬೇಕೆಂದೇ ತಿಳಿಯಿರಿ. ಟೂಲೂಸ್‌ನಲ್ಲಿ ವಿಮಾನ ಉದ್ಯಮದ ಕೆಲಸಕ್ಕಿರುವ ನಮ್ಮವರಿಗೆ ಇದು ಒಂದು ವಾರಾಂತ್ಯದ ದೂರ. ಅಂಥವರು ಶುಕ್ರವಾರ ರಾತ್ರಿಯೇ ಸಾರಾ ತಲುಪಿ ಎರಡು ರಾತ್ರಿ ಉಳಿದರೆ ಒಂದು ದಿನ ಗುಹೆದಾರಿ, ಒಂದು ದಿನ ಬೆಟ್ಟ, ಎರಡೂ ಆಗುತ್ತವೆ.

ಒಂದೇ ದಿನ, ಕಾರಿಲ್ಲ: ಸಾರಾಗೆ ಬಸ್ಸು, ಅಲ್ಲಿಂದ ಗುಹೆಗೆ ಟ್ಯಾಕ್ಸಿ, ಗುಹೆ ನೋಡಿ ಸುಗರ್ರಾಮುರ್ದಿಗೆ ನಡಿಗೆ, ಮರಳಿ ನಡಿಗೆ. ಗುಹೆಯಿಂದ ಮರಳುವ ಟ್ಯಾಕ್ಸಿಯನ್ನು ಬೆಳಿಗ್ಗೆಯೇ ಮಾತಾಡಿಡಿ. ಒಂದೇ ದಿನ, ಕಾರಿದೆ, ಜೊತೆಗೆ ಚಿಕ್ಕ ಮಕ್ಕಳು: ಸುಗರ್ರಾಮುರ್ದಿಯಲ್ಲಿ ಕಾರು ನಿಲ್ಲಿಸಿ, ವಸ್ತುಸಂಗ್ರಹಾಲಯ, ಗುಹೆ ನೋಡಿ, ನೀಲಿ ಕುದುರೆಗಳನ್ನು ಮಕ್ಕಳೇ ಹುಡುಕಲಿ ಎಂದು ಬಿಟ್ಟು ಸಾರಾ ಕಡೆಗೆ ಸಾಕೆನಿಸುವಷ್ಟು ನಡೆದು ಹಿಂದಿರುಗಿ. ಸಂಜೆಗೆ ಶಕ್ತಿ ಉಳಿದಿದ್ದರೆ ಉರ್ದಸುಬಿ ಗುಹೆಗೆ ಕಾರಿನಲ್ಲಿ. ಹಿರಿಯರ ಜೊತೆ ಬಂದವರಿಗೆ ಲಾರ್ರುನ್ ರೈಲು, ಹೋಗುವಾಗಲೂ ಬರುವಾಗಲೂ. ಇಡೀ ದಿನ ಮಳೆ ಎಂದಾದರೆ ಬೆಟ್ಟ ಬಿಟ್ಟು ಉರ್ದಸುಬಿ. ನಿಮ್ಮ ದಾರಿ ಬಿಲ್ಬಾವೋ ಕಡೆಯೇ ಇದ್ದು ಇಷ್ಟು ದೂರ ಬರಲಾಗದಿದ್ದರೆ, ದಿಮಾ ಊರಿನ ಬಾಲ್ತ್ಸೊಲಾ ಗುಹೆ ಮತ್ತು ಅದರ ಪಕ್ಕದ, ಪ್ರಕೃತಿಯೇ ಮಾಡಿದ ಕಲ್ಲುಸೇತುವೆ ನೋಡಿ. ಐಸ್ಕೊರ್ರಿ ಬೆಟ್ಟದ ಸಾನ್ ಆದ್ರಿಯಾನ್ ಸುರಂಗವೂ ಇದೆ: ಸಾವಿರ ಮೀಟರ್ ಎತ್ತರದಲ್ಲಿ ಮಧ್ಯಯುಗದ ಹೆದ್ದಾರಿಯೊಂದು ಗುಹೆಯೊಳಗೇ ಹಾದುಹೋಗುತ್ತಿದ್ದ ಜಾಗ, ಒಳಗೊಂದು ಪುಟ್ಟ ಚಾಪೆಲ್.

ಆಗಸ್ಟ್ ಮಧ್ಯದಲ್ಲಿ ಬರುವವರು ಇನ್ನೊಂದು ದಿನಾಂಕ ನೋಡಿಕೊಳ್ಳಬೇಕು. ಸುಗರ್ರಾಮುರ್ದಿಯ ಊರಹಬ್ಬ ಮುಗಿಯುವುದು ಆಗಸ್ಟ್ 18ಕ್ಕೆ, ಅಂದು ಗುಹೆಯಲ್ಲೇ ಸಾಮೂಹಿಕ ಭೋಜನ. ಬೆಂಕಿಯ ಸುತ್ತ ಕೋಲಿಗೆ ಸಿಕ್ಕಿಸಿ ಸುಟ್ಟ ಕುರಿಮಾಂಸದ ಊಟ, ಹಾಡು, ಗುಹೆ ತುಂಬ ಜನ. ಮಾಂಸ ತಿನ್ನುವವರಿಗೆ, ಹಬ್ಬ ಪ್ರಿಯರಿಗೆ ಬರಲು ಅದೇ ದಿನ. ಊಟದ ಟಿಕೆಟ್ ಮುಂಚಿತವಾಗಿ ಪಡೆಯಿರಿ. ಗುಹೆಯನ್ನು ನೆಮ್ಮದಿಯಾಗಿ ನೋಡಬೇಕೆನ್ನುವವರು ಆ ವಾರ ಬಿಟ್ಟು ಬನ್ನಿ.